‘12 ವೋಲ್ಟ್ ಲಿಥಿಯಂ’ ಪ್ಯಾಕ್ ಜಗಲಿಯಲ್ಲಿ ಹೊತ್ತಿಕೊಂಡಿತು: ರೇಡಿಯೋ ಹೊತ್ತು ಹೊರಡುವವರು ದಯವಿಟ್ಟು ಓದಿ

ಕಾಪು ಕಡಲಕರೆ (ಭಾನುವಾರ, ರಾತ್ರಿ 9.20)

ಎಲ್ಲರಿಗೂ ನಮಸ್ಕಾರ. ಕಳೆದ ಗುರುವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಯಾರಿಗೂ ಪೆಟ್ಟಾಗಿಲ್ಲ. ಜಗಲಿಯ ಗೋಡೆ ಕಪ್ಪಾಗಿದೆ, ಒಂದು ಮಣೆ ಸುಟ್ಟುಹೋಗಿದೆ, ಅಮ್ಮ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ.

ನಾನು ಹ್ಯಾಂ ರೇಡಿಯೋ ಹವ್ಯಾಸಿ, ನನ್ನ ಕರೆಸಂಕೇತ ವಿಯು3 ಎಂದು ಶುರುವಾಗುತ್ತದೆ. ಪರವಾನಗಿ ಸಿಕ್ಕಿ ಮೂರು ವರ್ಷವಾಯಿತು. ಇರುವುದು ಯಾಯೇಸು ಎಫ್‌ಟಿ-818 ಎಂಬ ಚಿಕ್ಕ ರೇಡಿಯೋ. ರಜೆಯ ದಿನ ಬೆಳಗ್ಗೆ ಕಾಪುವಿನ ದೀಪಸ್ತಂಭದ ಹತ್ತಿರ ಮರಳಿನಲ್ಲಿ ಗಾಳದ ಕೋಲು ನೆಟ್ಟು, ಅದಕ್ಕೆ ತಂತಿ ಕಟ್ಟಿ, ನಲವತ್ತು ಮೀಟರಿನ ತರಂಗ ಪಟ್ಟಿಯಲ್ಲಿ ಎರಡು ಮೂರು ಗಂಟೆ ಕೂರುವುದು ನನ್ನ ಅಭ್ಯಾಸ. ಮೊದಲು 7 ಆಂಪ್ ಅವರ್‌ನ (ಎಎಚ್) ಸೀಸದ ಬ್ಯಾಟರಿ ಒಯ್ಯುತ್ತಿದ್ದೆ. ಎರಡು ಕಿಲೋಗಿಂತ ಹೆಚ್ಚು ಭಾರ. ಬೆನ್ನು ನೋಯತೊಡಗಿದ ಮೇಲೆ ಪೇಟೆಯ ಒಂದು ಅಂಗಡಿಯಿಂದ ಲಿಥಿಯಂ ಪ್ಯಾಕ್ ತಂದೆ. ನೀಲಿ ಪ್ಲಾಸ್ಟಿಕ್ ತೊಗಲು, ಎರಡು ವೈರು, ಮೇಲೊಂದು ಚೀಟಿ: ‘12 ವೋಲ್ಟ್ ಲಿಥಿಯಂ, 10 ಎಎಚ್’. ಜೊತೆಗೆ ಒಂದು ಚಿಕ್ಕ ಅಡಾಪ್ಟರ್. ಐದಾರು ಸಲ ಚೆನ್ನಾಗಿಯೇ ನಡೆಯಿತು.

ಅದಕ್ಕೂ ಮೊದಲು ಒಂದು ಸಂಜೆಯ ಗುಡುಗು ಮಳೆಗೆ ಆ ಅಡಾಪ್ಟರ್ ಸುಟ್ಟಿತು. ಹಳೆಯ ಸೀಸದ ಬ್ಯಾಟರಿಯ ಚಾರ್ಜರ್ ಮನೆಯಲ್ಲೇ ಇತ್ತು. ಅದೂ 12 ವೋಲ್ಟಿನದು, ಇದೂ 12 ವೋಲ್ಟಿನದು ಎಂದುಕೊಂಡು ಹಾಕಿಬಿಟ್ಟೆ. ಜಗಲಿಯಲ್ಲಿ ಮರದ ಮಣೆಯ ಮೇಲಿಟ್ಟು ಒಳಗೆ ಹೋದೆ.

ಒಂದೂವರೆ ಗಂಟೆಯ ನಂತರ ದೇವರ ದೀಪ ಹಚ್ಚುತ್ತಿದ್ದ ಅಮ್ಮ, “ಯಾರಾದರೂ ಬಣ್ಣದ ಡಬ್ಬಿ ತೆರೆದಿದ್ದೀರಾ?” ಎಂದು ಕೇಳಿದರು. ನನಗೂ ಮೂಗಿಗೆ ಬಡಿಯಿತು. ಉಗುರುಬಣ್ಣ ಅಳಿಸುವ ದ್ರಾವಣದ ಹಾಗಿನ ಒಂದು ಸಿಹಿ ವಾಸನೆ. ಹೊರಗೆ ಬಂದು ನೋಡಿದರೆ ನೀಲಿ ತೊಗಲು ಹಲಸಿನ ತೊಳೆಯ ಹಾಗೆ ಉಬ್ಬಿ ಬಿಗಿದಿತ್ತು. ಚಾರ್ಜರಿನ ಪ್ಲಗ್ ಕಿತ್ತೆ. ಅಷ್ಟರಲ್ಲಿ ಕುಕ್ಕರ್ ಕೂಗುವ ಮೊದಲು ಬರುವಂಥ ಸುಯ್ಯೆನ್ನುವ ಸದ್ದು ಶುರುವಾಯಿತು. ದಟ್ಟ ಬಿಳಿ ಹೊಗೆ ಮೇಲೇಳದೆ ನೆಲದ ಉದ್ದಕ್ಕೂ ಹರಿಯಿತು. ಮಾಡಿಗೆ ಸಿಕ್ಕಿಸಿಟ್ಟಿದ್ದ ದೋಟಿಯನ್ನು ಎಳೆದು, ಮಣೆ ಸಮೇತ ಪ್ಯಾಕನ್ನು ಅಂಗಳಕ್ಕೆ ತಳ್ಳಿದೆ. ಅಂಚು ದಾಟುವಷ್ಟರಲ್ಲಿ ಬೆಂಕಿ ಎದ್ದಿತ್ತು. ಒಂದೊಂದೇ ಸೆಲ್ ಸಿಡಿಯುತ್ತಿದ್ದಾಗ ಪಕ್ಕದ ಮನೆಯವರು ದೀಪಾವಳಿಯ ಪಟಾಕಿ ಈಗಲೇ ಶುರುವಾಯಿತು ಎಂದುಕೊಂಡರಂತೆ. ಬಾವಿಕಟ್ಟೆಯ ಕೊಡದ ನೀರೆಲ್ಲ ಸುರಿದೆ. ಆರಿತು. ಇಪ್ಪತ್ತು ನಿಮಿಷದ ಮೇಲೆ, ಏನೂ ಇಲ್ಲವೆಂದು ಒಳಗೆ ಹೋಗುತ್ತಿದ್ದಾಗ, ಮತ್ತೊಂದು ಸೆಲ್ ತಾನಾಗಿ ಹೊತ್ತಿಕೊಂಡಿತು.

ಬೆಳಗ್ಗೆ ಹೆಕ್ಕಿ ಎಣಿಸಿದೆ. ಒಟ್ಟು ಒಂಬತ್ತು ಸೆಲ್. ಒಂದು ತುಳಸಿಕಟ್ಟೆಯ ಹಿಂದೆ ಬಿದ್ದಿತ್ತು. ಫ್ಯೂಸ್ ಇರಲಿಲ್ಲ. ರಕ್ಷಣೆಯ ಬೋರ್ಡ್ ಇದ್ದ ಗುರುತು ಯಾವುದೂ ಸಿಗಲಿಲ್ಲ.

ನಮ್ಮ ಕರಾವಳಿಯಲ್ಲಿ ರೇಡಿಯೋ ಹೊತ್ತು ತಿರುಗುವವರು ಹೆಚ್ಚುತ್ತಿದ್ದಾರೆ. ನನಗೆ ಏನು ತಿಳಿದಿರಬೇಕಿತ್ತು ಎಂಬುದನ್ನು ತಿಳಿದವರು ಬಿಡಿಸಿ ಹೇಳಿ.

ಬ್ರಹ್ಮಾವರದ ಬೆಸುಗೆ (ಭಾನುವಾರ, ರಾತ್ರಿ 10.45)

ಮೊದಲು ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮೂಗು ಮನೆ ಉಳಿಸಿದೆ. ಆ ಸಿಹಿ ವಾಸನೆ ಸೆಲ್ಲಿನ ಒಳಗಿನ ದ್ರಾವಣದ್ದು. ಅದು ಬಂದಿತೆಂದರೆ ಸೆಲ್ಲಿನ ಬಾಯಿ ಆಗಲೇ ಬಿಚ್ಚಿದೆ ಎಂದು ಅರ್ಥ.

ಇಪ್ಪತ್ತು ವರ್ಷದಿಂದ ರಿಪೇರಿ ಮೇಜಿನ ಮುಂದೆ ಕುಳಿತವನು ನಾನು. ನಿಮ್ಮ ಕಥೆಯ ಮೂಲ ಆ ಚೀಟಿಯಲ್ಲಿದೆ. ‘12 ವೋಲ್ಟ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಪ್ರಾಣಿಗಳು ಮಾರಾಟವಾಗುತ್ತಿವೆ. ಒಂದು, ನಮ್ಮ ಹಳೆಯ ಸೀಸದ ಬ್ಯಾಟರಿ. ಇನ್ನೊಂದು, ಲ್ಯಾಪ್‌ಟಾಪಿನಲ್ಲಿ ಇರುವಂಥ 3.7 ವೋಲ್ಟಿನ ಸೆಲ್ಲುಗಳನ್ನು ಮೂರರ ಸರಣಿಯಲ್ಲಿ ಜೋಡಿಸಿದ್ದು. ಅದರ ಹೆಸರಿನ ವೋಲ್ಟೇಜ್ 11.1, ತುಂಬಿದಾಗ 12.6. ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. 3.2 ವೋಲ್ಟಿನ ನಾಲ್ಕು ಸೆಲ್ ಸರಣಿಯಲ್ಲಿ, ಒಟ್ಟು 12.8. ತುಂಬಿದಾಗ 14.6.

ನಿಮ್ಮದು ಎರಡನೆಯದು. ಸೀಸದ ಚಾರ್ಜರ್ 14.4 ವೋಲ್ಟಿನವರೆಗೆ ಏರುತ್ತದೆ. ಅದನ್ನು ಮೂರರಿಂದ ಭಾಗಿಸಿ: ಪ್ರತಿ ಸೆಲ್ಲಿಗೆ 4.8 ವೋಲ್ಟ್. ಅದರ ಮಿತಿ 4.2. ಸೆಲ್ಲುಗಳು ಒಂದೇ ಸಮ ಇಲ್ಲದಿದ್ದರೆ, ಬಡಕಲು ಸೆಲ್ 5 ವೋಲ್ಟನ್ನೂ ದಾಟಿರಬಹುದು. ಮಿತಿ ಮೀರಿ ತುಂಬಿಸಿದಾಗ ಲಿಥಿಯಂ ಹೋಗಿ ಸೇರಬೇಕಾದ ಜಾಗದಲ್ಲಿ ಸೇರದೆ ಋಣ ಫಲಕದ ಮೇಲೆ ಲೋಹವಾಗಿ ಕೂರುತ್ತದೆ, ಧನ ಫಲಕ ಕೆಡುತ್ತದೆ, ಸೆಲ್ ತನ್ನ ಬಿಸಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಎರಡು ಫಲಕಗಳ ನಡುವೆ ಇರುವ ಪ್ಲಾಸ್ಟಿಕ್ ಪರದೆ 130 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಪರದೆ ಹೋಯಿತೆಂದರೆ ಒಳಗೇ ಶಾರ್ಟ್. ಆಮೇಲೆ ಪ್ಲಗ್ ಕಿತ್ತರೂ ನಿಲ್ಲುವುದಿಲ್ಲ, ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ದಾಟುತ್ತದೆ. ನೀವು ಪ್ಲಗ್ ಕಿತ್ತ ಮೇಲೂ ಸಿಡಿದದ್ದು ಹಾಗೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಒಂಬತ್ತು ಸೆಲ್ ಎಂದರೆ ಮೂರು ಸಾಲು, ಸಾಲಿಗೆ ಮೂರು. 10 ಎಎಚ್ ಬರಬೇಕಾದರೆ ಒಂದೊಂದೂ 3,300 ಮಿಲಿ ಆಂಪ್ ಅವರ್‌ಗಿಂತ ಹೆಚ್ಚಿನದಾಗಿರಬೇಕು. 18650 ಎಂಬ ಲ್ಯಾಪ್‌ಟಾಪ್ ಸೆಲ್ಲಿನ ಅಳತೆಯಲ್ಲಿ ಅಷ್ಟು ಕೊಡುವುದು ಹೊಸದಾದ, ದುಬಾರಿ ಸೆಲ್ಲುಗಳು ಮಾತ್ರ. ಅವನ್ನು ಹಾಕಿ ಬೋರ್ಡ್ ಹಾಕದೆ ಬಿಡುವ ಕುಶಲಕರ್ಮಿಯನ್ನು ನಾನು ಕಂಡಿಲ್ಲ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳಿಗೆ ಹೊಸ ತೊಗಲು ತೊಡಿಸಿರಬೇಕು.

ಸುಟ್ಟ ಸೆಲ್ಲುಗಳನ್ನು ಹೇಗೆ ಇಟ್ಟಿದ್ದೀರಿ?

ಕಾಪು ಕಡಲಕರೆ (ಭಾನುವಾರ, ರಾತ್ರಿ 10.58)

ಹಳೆಯ ಬಾಣಲೆಯಲ್ಲಿ ಮರಳು ಹಾಕಿ, ಅಂಗಳದ ಮೂಲೆಯಲ್ಲಿ, ತಗಡಿನ ಕೆಳಗೆ ಇಟ್ಟಿದ್ದೇನೆ. ಮನೆಯಿಂದ ಹತ್ತು ಹೆಜ್ಜೆ ದೂರ.

ಮಣಿಪಾಲ ವಿಯು2 (ಸೋಮವಾರ, ಬೆಳಗ್ಗೆ 6.30)

ಓದಿ ಎದೆ ಧಸಕ್ಕೆಂದಿತು. ನಾನು ನಲವತ್ತು ವರ್ಷದಿಂದ ಸೀಸದ ಬ್ಯಾಟರಿಯನ್ನೇ ಬಳಸುತ್ತಿದ್ದೇನೆ. ಒಂದೇ ಒಂದು ಸಲವೂ ಹೊತ್ತಿಕೊಂಡಿಲ್ಲ. ಒಂದು ಕಿಲೋ ಉಳಿಸಲು ಹೋಗಿ ಮನೆಯನ್ನೇ ಪಣಕ್ಕಿಡಬೇಕೇ? ನನ್ನ ಮಾತು ಕಟುವಾಗಿ ಕೇಳಿಸಬಹುದು, ಆದರೆ ಹೇಳದೆ ಇರಲಾರೆ: ಈ ಲಿಥಿಯಂ ನಮ್ಮ ಹವ್ಯಾಸಕ್ಕೆ ಬೇಡ.

ಬ್ರಹ್ಮಾವರದ ಬೆಸುಗೆ (ಸೋಮವಾರ, ಬೆಳಗ್ಗೆ 8.10)

ಸರ್, ನಿಮ್ಮ ಅನುಭವದ ಮುಂದೆ ನಾನು ಚಿಕ್ಕವನು. ಆದರೂ ಒಂದು ಮಾತು. ಎಲ್ಲ ಲಿಥಿಯಂ ಒಂದೇ ಜಾತಿಯಲ್ಲ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದದ್ದು ಕೋಬಾಲ್ಟ್ ಆಕ್ಸೈಡಿನ ಸೆಲ್. ಬಿಸಿ ಹೆಚ್ಚಿದಾಗ ಆ ಆಕ್ಸೈಡು ತನ್ನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ಬೆಂಕಿಗೆ ಒಳಗಿನಿಂದಲೇ ಗಾಳಿ ಊದಿದ ಹಾಗೆ. ಐರನ್ ಫಾಸ್ಫೇಟನ್ನು 1997ರಲ್ಲಿ ಪ್ರಕಟಿಸಿದ್ದು ಅಮೆರಿಕದ ಜಾನ್ ಗುಡ್‌ಇನಫ್ ಅವರ ತಂಡ. ಕೋಬಾಲ್ಟಿನ ಫಲಕವೂ ಅವರದೇ ಕೆಲಸ. 2019ರಲ್ಲಿ ಅವರಿಗೆ, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಹಾಗೂ ಅಕಿರಾ ಯೋಶಿನೊ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಫಾಸ್ಫೇಟಿನಲ್ಲಿ ಆಮ್ಲಜನಕವನ್ನು ರಂಜಕ ಬಲವಾಗಿ ಹಿಡಿದುಕೊಂಡಿರುತ್ತದೆ. ಹಾಗಾಗಿ ಅದು ಕೆರಳುವುದು ಇನ್ನೂ ಹೆಚ್ಚಿನ ಬಿಸಿಯಲ್ಲಿ, ಕೆರಳಿದರೂ ಕಡಿಮೆ ಶಾಖ ಬಿಡುತ್ತದೆ. ಹೊತ್ತುವುದೇ ಇಲ್ಲ ಎಂದು ಅಂಗಡಿಯವರು ಹೇಳಿದರೆ ಮಾತ್ರ ನಂಬಬೇಡಿ. ಒಳಗಿನ ದ್ರಾವಣ ಅದರಲ್ಲೂ ಉರಿಯುವಂಥದ್ದೇ, ಹೊರಬರುವ ಅನಿಲವೂ ಉರಿಯುತ್ತದೆ.

ಮತ್ತೆ, ಸೀಸದ ಬ್ಯಾಟರಿಯೂ ಸಾಧುವಲ್ಲ ಸರ್. ಅತಿಯಾಗಿ ತುಂಬಿಸಿದರೆ ಹೈಡ್ರೋಜನ್ ಬಿಡುತ್ತದೆ. ಅದರ ತುದಿಗಳ ಮೇಲೆ ಸ್ಪಾನರ್ ಬಿದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮಣಿಪಾಲ ವಿಯು2 (ಸೋಮವಾರ, ಬೆಳಗ್ಗೆ 8.40)

ಸ್ಪಾನರಿನ ಗುರುತು ಬಲಗೈಯ ಹೆಬ್ಬೆರಳಿನ ಮೇಲೆ ಇನ್ನೂ ಇದೆ. ಒಪ್ಪುತ್ತೇನೆ. ಆದರೆ ಹೊಸಬರು ಯಾವುದನ್ನು ಕೊಳ್ಳಬೇಕು ಎಂದು ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಅವರು ಮತ್ತೆ ಅದೇ ನೀಲಿ ತೊಗಲಿನ ಅಂಗಡಿಗೇ ಹೋಗುತ್ತಾರೆ.

ಕುಂದಾಪುರದ ಚಾರಣಿಗ (ಸೋಮವಾರ, ಮಧ್ಯಾಹ್ನ 1.15)

ನಾನು ಕೊಡಚಾದ್ರಿಗೆ ಹತ್ತುವಾಗ ಒಯ್ಯುವುದು 3.7 ವೋಲ್ಟಿನ ನಾಲ್ಕು ಸೆಲ್ಲಿನ ಸರಣಿ, 14.8 ವೋಲ್ಟ್. ತೂಕಕ್ಕೆ ಸಿಗುವ ಶಕ್ತಿಯಲ್ಲಿ ಎಲ್‌ಎಫ್‌ಪಿ ಇದಕ್ಕೆ ಸಾಟಿಯಲ್ಲ. ಬಿಎಂಎಸ್ ಎಂಬ ಒಳ್ಳೆಯ ರಕ್ಷಣೆಯ ಬೋರ್ಡ್ ಇದೆ, ಶಾರ್ಟ್ ಆದರೆ ಅದೇ ಕಡಿಯುತ್ತದೆ. ಹಾಗಾಗಿ ಫ್ಯೂಸ್ ಹಾಕಿಲ್ಲ. ಇದುವರೆಗೆ ಏನೂ ಆಗಿಲ್ಲ.

ಬ್ರಹ್ಮಾವರದ ಬೆಸುಗೆ (ಸೋಮವಾರ, ಮಧ್ಯಾಹ್ನ 2.30)

ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಬೇಸರಿಸಬೇಡಿ.

ಮೊದಲು ವೋಲ್ಟೇಜ್. ನಮ್ಮ ಹೆಚ್ಚಿನ ರಿಗ್‌ಗಳು, ಅಂದರೆ ರೇಡಿಯೋಗಳು, 13.8 ವೋಲ್ಟಿಗೆ, ಶೇಕಡಾ 15 ಆಚೀಚೆ ಎಂದು ಮಾಡಿರುವಂಥವು. ಅಂದರೆ ಕೆಳಗೆ 11.7, ಮೇಲೆ 15.9ರ ಒಳಗೆ. ನಿಮ್ಮ ನಾಲ್ಕು ಸೆಲ್ಲಿನ ಪ್ಯಾಕ್ ಪೂರ್ತಿ ತುಂಬಿದಾಗ 16.8. ಮಿತಿಗಿಂತ ಸುಮಾರು ಒಂದು ವೋಲ್ಟ್ ಹೆಚ್ಚು. ಬೆಟ್ಟದ ತುದಿಯಲ್ಲಿ, ಆಗತಾನೆ ತುಂಬಿಸಿ ತಂದ ಪ್ಯಾಕ್ ಸಿಕ್ಕಿಸುವ ಕ್ಷಣವೇ ರಿಗ್ಗಿಗೆ ಅಪಾಯದ ಕ್ಷಣ. ನಡುವೆ ವೋಲ್ಟೇಜ್ ಇಳಿಸುವ ಮಾಡ್ಯೂಲ್ ಹಾಕಬಹುದು. ಹಾಕಿದರೆ ಅಗ್ಗದ ಮಾಡ್ಯೂಲುಗಳ ಸದ್ದು ನಲವತ್ತು ಮೀಟರಿನ ಉದ್ದಕ್ಕೂ ಜೀರುಂಡೆಯ ಹಾಗೆ ಕೂರುತ್ತದೆ, ಕ್ಷೀಣ ಸಂಕೇತ ಕೇಳಿಸುವುದೇ ಇಲ್ಲ. ಅಷ್ಟು ದೂರ ಹತ್ತಿ ಹೋಗುವುದು ಕೇಳಲಿಕ್ಕೆ ತಾನೆ? ಮೂರರ ಸರಣಿಯಾದರೆ ಇನ್ನೊಂದು ತೊಂದರೆ: 12.6ರಲ್ಲಿ ಶುರುವಾಗಿ ಬೇಗನೆ 11ರ ಕೆಳಗೆ ಇಳಿಯುತ್ತದೆ. ಎಫ್‌ಟಿ-818 ತಾಳಿಕೊಳ್ಳುತ್ತದೆ, ಬೇರೆ ಕೆಲವು ರಿಗ್‌ಗಳು ಪ್ರಸಾರ ಒತ್ತಿದ ಕೂಡಲೇ ಆರುತ್ತವೆ. ಎಲ್‌ಎಫ್‌ಪಿ ನಾಲ್ಕರ ಸರಣಿಯಾದರೆ ಹೆಚ್ಚಿನ ಹೊತ್ತು 13.2ರ ಹತ್ತಿರವೇ ಇರುತ್ತದೆ. ರಿಗ್ ಬಯಸುವುದೂ ಅದನ್ನೇ. ಮಣಿಪಾಲದ ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಹೊಸಬರು ಎಲ್‌ಎಫ್‌ಪಿಯನ್ನೇ ಕೊಳ್ಳಲಿ, 12.8 ವೋಲ್ಟ್ ಎಂದು ಸ್ಪಷ್ಟವಾಗಿ ಬರೆದದ್ದನ್ನು. ಬರಿಯ ‘12’ ಎಂದಿದ್ದರೆ ಅಲ್ಲಿಯೇ ಇಟ್ಟು ಬರಲಿ.

ಇನ್ನು ಫ್ಯೂಸ್. ಬಿಎಂಎಸ್ ಬೋರ್ಡಿನಲ್ಲಿ ಕರೆಂಟ್ ಕಡಿಯುವುದು ಮಾಸ್‌ಫೆಟ್ ಎಂಬ ಬಿಡಿಭಾಗ. ಅದು ಕೆಟ್ಟಾಗ ಬಹಳ ಸಲ ಕರೆಂಟನ್ನು ಹರಿಯಬಿಡುವ ಸ್ಥಿತಿಯಲ್ಲೇ ಕೆಡುತ್ತದೆ. ಅಂದರೆ ಕಾವಲುಗಾರ ಬಾಗಿಲು ತೆರೆದಿಟ್ಟೇ ಮಲಗಿದ ಹಾಗೆ. ಹೊರಗಿನಿಂದ ಗೊತ್ತಾಗುವುದೇ ಇಲ್ಲ, ಏಕೆಂದರೆ ರಿಗ್ ಎಂದಿನಂತೆ ನಡೆಯುತ್ತಿರುತ್ತದೆ. ನನ್ನ ಮೇಜಿಗೆ ಬಂದ ಬೋರ್ಡುಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಒಳ್ಳೆಯ ಸೆಲ್ ಶಾರ್ಟ್ ಆದರೆ ನೂರಾರು ಆಂಪ್ ಹರಿಯುತ್ತದೆ, ತೆಳು ವೈರು ಕ್ಷಣದಲ್ಲಿ ಕೆಂಪಗಾಗುತ್ತದೆ. ಫ್ಯೂಸ್ ಇರುವುದು ಆ ವೈರನ್ನು ಉಳಿಸಲಿಕ್ಕೆ. ಆದ್ದರಿಂದ ಅದು ರಿಗ್ಗಿನ ಹತ್ತಿರ ಇದ್ದರೆ ಸಾಲದು, ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಇರಬೇಕು. 818ಕ್ಕೆ ಪ್ರಸಾರದಲ್ಲಿ ಬೇಕಾಗುವುದು 2.7 ಆಂಪ್. 5 ಆಂಪಿನ ಬ್ಲೇಡ್ ಫ್ಯೂಸ್ ಸಾಕು, ಯಾವ ಆಟೋ ಬಿಡಿಭಾಗಗಳ ಅಂಗಡಿಯಲ್ಲೂ ಸಿಗುತ್ತದೆ. 100 ವ್ಯಾಟಿನ ರಿಗ್ 20 ಆಂಪ್ ಮೀರಿ ಎಳೆಯುತ್ತದೆ. ಅದಕ್ಕೆ ವೈರು, ಫ್ಯೂಸ್, ಬಿಎಂಎಸ್ ಮೂರೂ ಅದೇ ಅಳತೆಯವು ಬೇಕು. 10 ಆಂಪ್ ಬಿಎಂಎಸ್ ಇರುವ ಪ್ಯಾಕಿಗೆ 100 ವ್ಯಾಟಿನ ರಿಗ್ ಸಿಕ್ಕಿಸಿ, ಆಗಾಗ ಆರುತ್ತದೆ ಎಂದು ಬೋರ್ಡನ್ನೇ ಕಿತ್ತು ಹಾಕಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇದುವರೆಗೆ ಏನೂ ಆಗಿಲ್ಲ ಎಂದಿರಿ. ಕಾಪುವಿನವರಿಗೂ ಐದಾರು ಸಲ ಏನೂ ಆಗಿರಲಿಲ್ಲ.

ಮಲ್ಪೆ ಬಂದರು (ಸೋಮವಾರ, ಸಂಜೆ 7.05)

ನಾನು ಹ್ಯಾಂ ಅಲ್ಲ, ಮೀನುಗಾರಿಕಾ ಬೋಟುಗಳ ವೈರಿಂಗ್ ಕೆಲಸದವನು. ಅಣ್ಣನ ಮಗ ಪರೀಕ್ಷೆಗೆ ಓದುತ್ತಿದ್ದಾನೆ, ಅವನು ಇದನ್ನು ತೋರಿಸಿದ. ಉಪ್ಪಿನ ಬಗ್ಗೆ ಯಾರೂ ಬರೆದಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ನಮಗೆ ವೈರು ಬಿಚ್ಚಿ ನೋಡುವ ಕಾಲ. ಹೊರಗಿನಿಂದ ಹೊಳೆಯುವ ಕೆಂಪು ವೈರಿನ ತೊಗಲನ್ನು ಒಂದು ಬೆರಳಿನಷ್ಟು ಸುಲಿದರೆ ಒಳಗೆ ತಾಮ್ರ ಕಪ್ಪಾಗಿರುತ್ತದೆ, ಉಗುರಿನಿಂದ ಕೆರೆದರೆ ಹಸಿರು ಪುಡಿ ಉದುರುತ್ತದೆ. ಉಪ್ಪುಗಾಳಿ ತುದಿಯಿಂದ ಹೊಕ್ಕು ಎಳೆಗಳ ಸಂದಿನಲ್ಲಿ ಎಷ್ಟೋ ದೂರ ಒಳಗೆ ಹೋಗಿರುತ್ತದೆ. ಅಂಥ ಜೋಡಣೆ ಬಿಸಿಯಾಗುತ್ತದೆ. ನೀವು ಸಮುದ್ರ ತಡಿಯಲ್ಲಿ ಕೂರುವವರು ತವರ ಲೇಪಿಸಿದ ಎಳೆಗಳ ವೈರನ್ನೇ ಕೇಳಿ ತೆಗೆದುಕೊಳ್ಳಿ. ಫ್ಯೂಸ್ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಲಿ, ಅದರ ಹೋಲ್ಡರಿಗೆ ರಬ್ಬರ್ ಮುಚ್ಚಳ ಇರಲಿ. ಕಡಲಕರೆಯಿಂದ ಮನೆಗೆ ಬಂದ ದಿನವೇ ಒಣ ಬಟ್ಟೆಯಿಂದ ಎಲ್ಲ ತುದಿಗಳನ್ನೂ ಒರೆಸಿ.

ಪ್ಯಾಕ್ ಉಪ್ಪುನೀರಿಗೆ ಬಿದ್ದರೆ, ಒಣಗಿತು ಎಂದು ಮತ್ತೆ ಚಾರ್ಜಿಗೆ ಹಾಕಬಾರದು. ಒಳಗೆ ಉಪ್ಪು ಕುಳಿತು ದಿನಗಳ ನಂತರವೂ ಕೆಲಸ ಕೆಡಿಸುತ್ತದೆ. ಮನೆಯೊಳಗೇ ತರಬೇಡಿ.

ಸುರತ್ಕಲ್ ವಿದ್ಯಾರ್ಥಿ (ಸೋಮವಾರ, ರಾತ್ರಿ 9.50)

ನನ್ನ ಹತ್ತಿರ ಇರುವುದು ಬಾಫೆಂಗ್ ಯುವಿ-5ಆರ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಮಾತ್ರ. ಪಣಂಬೂರು ಕಡಲತೀರಕ್ಕೆ ಹೋಗಿದ್ದಾಗ ಅದನ್ನು ಗೆಳೆಯನ ಕಾರಿನ ಮುಂಗಾಜಿನ ಕೆಳಗೆ ಬಿಟ್ಟಿದ್ದೆ, ಸುಮಾರು ಮೂರು ಗಂಟೆ. ಈಗ ಹಿಂದಿನ ಬ್ಯಾಟರಿ ಸರಿಯಾಗಿ ಕೂರುತ್ತಿಲ್ಲ. ಸಮತಟ್ಟಾದ ಮೇಜಿನ ಮೇಲಿಟ್ಟರೆ ತೂಗಾಡುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಬಿಗಿದರೆ ಕೆಲಸ ಮಾಡುತ್ತಿದೆ. ಪರೀಕ್ಷೆ ಮುಗಿಯುವವರೆಗೆ ಹೀಗೇ ಬಳಸಬಹುದೇ ಅಣ್ಣಾ?

ಬ್ರಹ್ಮಾವರದ ಬೆಸುಗೆ (ಸೋಮವಾರ, ರಾತ್ರಿ 9.58)

ಬೇಡ ತಮ್ಮಾ. ಈಗಲೇ ತೆಗೆ. ತುದಿಗಳ ಮೇಲೆ ಟೇಪ್ ಅಂಟಿಸು, ಹಾಸ್ಟೆಲ್ ಕೋಣೆಯಿಂದ ಹೊರಗೆ, ಮಳೆ ಬೀಳದ ಜಾಗದಲ್ಲಿ, ಮಣ್ಣಿನ ಕುಂಡದಲ್ಲಿ ಇಡು. ಒತ್ತಬೇಡ, ಚುಚ್ಚಬೇಡ, ಇನ್ನೊಂದು ಸಲ ಚಾರ್ಜಿಗೆ ಹಾಕಬೇಡ. ಉಬ್ಬಿದ್ದೆಂದರೆ ಒಳಗೆ ಅನಿಲ ತುಂಬಿದೆ. ಬಿಸಿಲಿನಲ್ಲಿ ಮುಚ್ಚಿದ ಕಾರಿನ ಗಾಜಿನಡಿ 60 ಡಿಗ್ರಿ ದಾಟುವುದು ನಮ್ಮ ಊರಿನಲ್ಲಿ ಕಷ್ಟವಲ್ಲ. ಚಾರ್ಜ್ ಮಾಡುವಾಗ ಸೆಲ್ ಬಯಸುವ ಮಿತಿ 45.

ಹೊಸ ಬ್ಯಾಟರಿ ಕೊಳ್ಳುವವರೆಗೆ ನನ್ನ ಹಳೆಯ ಹ್ಯಾಂಡಿ ಒಯ್ದುಕೋ. ಬ್ರಹ್ಮಾವರ ಬಸ್ ನಿಲ್ದಾಣಕ್ಕೆ ಬಂದರೆ ತಂದುಕೊಡುತ್ತೇನೆ.

ಸುರತ್ಕಲ್ ವಿದ್ಯಾರ್ಥಿ (ಸೋಮವಾರ, ರಾತ್ರಿ 10.25)

ಹೊರಗೆ ಇಟ್ಟು ಬಂದೆ. ವಾರ್ಡನ್ ಸರ್‌ಗೂ ತಿಳಿಸಿದೆ. ಶನಿವಾರ ಬರುತ್ತೇನೆ ಅಣ್ಣಾ.

ಅಗ್ನಿಶಾಮಕ ನಿವೃತ್ತ (ಮಂಗಳವಾರ, ಬೆಳಗ್ಗೆ 7.15)

ಕಾಪುವಿನವರು ಮಾಡಿದ ಎರಡು ಕೆಲಸ ಬಹಳ ಸರಿ. ಕೈಯಿಂದ ಹಿಡಿಯದೆ ದೋಟಿಯಿಂದ ತಳ್ಳಿದ್ದು, ಮತ್ತೆ ಧಾರಾಳ ನೀರು ಸುರಿದದ್ದು. ‘ಲಿಥಿಯಂ ಬೆಂಕಿಗೆ ನೀರು ಹಾಕಬಾರದು’ ಎಂದು ಹಲವರು ನಂಬಿದ್ದಾರೆ. ಅದು ಶುದ್ಧ ಲಿಥಿಯಂ ಲೋಹಕ್ಕೆ ಅನ್ವಯಿಸುವ ಮಾತು. ಚಾರ್ಜ್ ಮಾಡುವ ಈ ಸೆಲ್ಲುಗಳಲ್ಲಿ ಲಿಥಿಯಂ ಹೆಚ್ಚಾಗಿ ಸಂಯುಕ್ತದ ರೂಪದಲ್ಲಿರುತ್ತದೆ. ಇಲ್ಲಿ ಬೇಕಾದದ್ದು ತಂಪು, ಅದನ್ನು ನೀರಿನಷ್ಟು ಚೆನ್ನಾಗಿ ಬೇರಾವುದೂ ಕೊಡುವುದಿಲ್ಲ. ಪುಡಿಯ ನಂದಕವೋ ಇಂಗಾಲದ ಡೈಆಕ್ಸೈಡಿನ ನಂದಕವೋ ಜ್ವಾಲೆಯನ್ನು ಬಡಿಯುತ್ತದೆ, ಒಳಗಿನ ಬಿಸಿ ಉಳಿಯುತ್ತದೆ, ಮತ್ತೆ ಹೊತ್ತುತ್ತದೆ. ನಿಮ್ಮಲ್ಲಿ ಇಪ್ಪತ್ತು ನಿಮಿಷದ ಮೇಲೆ ಹೊತ್ತಿದ ಹಾಗೆ. ಆದ್ದರಿಂದ ಜ್ವಾಲೆ ಹೋದ ಮೇಲೂ ನೀರು ಹಾಕುತ್ತಲೇ ಇರಬೇಕು. ಚಾರ್ಜರ್ ಗೋಡೆಗೆ ಸಿಕ್ಕಿಸಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ನೀರು.

ಒಂದು ವಿಷಯ ಮಾತ್ರ ನನಗೆ ಹೆದರಿಕೆ ತಂದಿತು. ನೀವು ಹೊಗೆಯ ಹತ್ತಿರ ನಿಂತಿದ್ದಿರಿ. ಆ ಬಿಳಿ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಇಂಗಾಲದ ಮೊನಾಕ್ಸೈಡ್ ಇರುತ್ತದೆ. ತೆರೆದ ಜಗಲಿ ನಿಮ್ಮನ್ನು ಉಳಿಸಿತು. ಇದೇ ಒಳಕೋಣೆಯಲ್ಲಿ ಆಗಿದ್ದರೆ ನಂದಿಸಲು ಹೋಗದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು, ಬಾಗಿಲು ಎಳೆದುಕೊಂಡು, 112ಕ್ಕೋ 101ಕ್ಕೋ ಕರೆ ಮಾಡಬೇಕು. ಎರಡು ಮೂರು ದಿನದಲ್ಲಿ ಕೆಮ್ಮು, ಎದೆ ಬಿಗಿತ ಕಂಡುಬಂದರೆ ಡಾಕ್ಟರಿಗೆ ಏನು ಉರಿದಿತ್ತು ಎಂಬುದನ್ನು ಹೇಳಿಯೇ ತೋರಿಸಿ.

ರಾತ್ರಿ ಮಲಗುವಾಗ, ಮನೆಗೆ ಬೀಗ ಹಾಕಿ ಮದುವೆಗೆ ಹೋಗುವಾಗ, ಯಾವ ಪ್ಯಾಕನ್ನೂ ಚಾರ್ಜಿನಲ್ಲಿ ಬಿಡಬೇಡಿ. ಚಾರ್ಜ್ ಮಾಡುವ ಜಾಗ ಕಲ್ಲಿನ ಮೇಲೆ, ಸಿಮೆಂಟಿನ ಮೇಲೆ ಇರಲಿ. ಸೌದೆಯ ರಾಶಿ, ಸೋಗೆ, ಪರದೆ, ಹೊರಗೆ ಹೋಗುವ ಬಾಗಿಲು, ಇವು ಯಾವುವೂ ಹತ್ತಿರ ಇರಬಾರದು. ಬಾಗಿಲನ್ನು ಏಕೆ ಹೇಳಿದೆನೆಂದರೆ, ಬೆಂಕಿ ಬಾಗಿಲಲ್ಲೇ ಇದ್ದರೆ ಒಳಗಿದ್ದವರು ಹೊರಬರುವುದು ಹೇಗೆ?

ಕುಂದಾಪುರದ ಚಾರಣಿಗ (ಮಂಗಳವಾರ, ಬೆಳಗ್ಗೆ 11.40)

ನಿನ್ನೆ ಫ್ಯೂಸ್ ಬೇಡ ಎಂದು ಬರೆದಿದ್ದೆ. ರಾತ್ರಿ ಪ್ಯಾಕ್ ಬಿಚ್ಚಿ ನೋಡಿದೆ. ಬೋರ್ಡಿನಿಂದ ಹೊರಟ ಪ್ಲಸ್ ವೈರು ಅಲ್ಯೂಮಿನಿಯಂ ಡಬ್ಬಿಯ ಅಂಚಿಗೆ ಉಜ್ಜಿ ಉಜ್ಜಿ ಒಂದು ಕಡೆ ತೊಗಲು ತೆಳುವಾಗಿ, ತಾಮ್ರದ ಬಣ್ಣ ಕಾಣುತ್ತಿತ್ತು. ಬೆಟ್ಟ ಹತ್ತುವಾಗ ಚೀಲ ಅಲುಗಾಡಿ ಆದದ್ದು. ಮೈನಸ್ ಡಬ್ಬಿಗೆ ತಗುಲಿಕೊಂಡೇ ಇತ್ತು. ಇನ್ನು ಎರಡು ಚಾರಣ ಆಗಿದ್ದರೆ ಏನಾಗುತ್ತಿತ್ತೋ. ಬೆಸುಗೆಯವರೇ, ನಿಮ್ಮ ಮಾತು ಮನಸ್ಸಿಗೆ ನಾಟಿದೆ. ಈ ಡಬ್ಬಿ ಬಿಡುತ್ತೇನೆ, ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿ ಫ್ಯೂಸ್ ಹಾಕಿದ ಮೇಲೆಯೇ ಮತ್ತೆ ಹೊರಡುವುದು. ತೂಕದ ಕಾರಣಕ್ಕೆ ಸೆಲ್ ಮಾತ್ರ ಅದೇ ಇರುತ್ತದೆ, ಅಲ್ಲಿ ನಾನು ಇನ್ನೂ ಒಪ್ಪಿಲ್ಲ. 15.5 ವೋಲ್ಟಿಗೆ ಚಾರ್ಜ್ ನಿಲ್ಲಿಸಿ ಬಳಸುತ್ತೇನೆ.

ಬ್ರಹ್ಮಾವರದ ಬೆಸುಗೆ (ಮಂಗಳವಾರ, ಮಧ್ಯಾಹ್ನ 12.05)

15.5 ಎಂದರೆ ಸೆಲ್ಲಿಗೆ ಸುಮಾರು 3.9. ರಿಗ್ಗಿಗೂ ಕ್ಷೇಮ, ಸೆಲ್ಲಿಗೂ ಆಯುಸ್ಸು ಹೆಚ್ಚು. ಆದರೆ ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ತಿಂಗಳಿಗೊಮ್ಮೆ ಬೇರೆ ಬೇರೆಯಾಗಿ ಅಳೆಯಿರಿ, ಏಕೆಂದರೆ ಹಲವು ಬೋರ್ಡುಗಳು ಸೆಲ್ಲುಗಳನ್ನು ಸಮಗೊಳಿಸುವುದು ಪೂರ್ತಿ ತುಂಬುವ ಹೊತ್ತಿಗೆ ಮಾತ್ರ.

ಬಜಪೆ ಪಯಣಿಗ (ಮಂಗಳವಾರ, ಮಧ್ಯಾಹ್ನ 3.20)

ಮುಂದಿನ ತಿಂಗಳು ವಿಮಾನದಲ್ಲಿ ಹೋಗುವಾಗ 12.8 ವೋಲ್ಟ್, 6 ಎಎಚ್ ಪ್ಯಾಕ್ ಒಯ್ಯಬಹುದೇ?

ಬ್ರಹ್ಮಾವರದ ಬೆಸುಗೆ (ಮಂಗಳವಾರ, ಮಧ್ಯಾಹ್ನ 3.45)

12.8ನ್ನು 6ರಿಂದ ಗುಣಿಸಿ: 76.8 ವ್ಯಾಟ್ ಅವರ್. 100ರ ಒಳಗಿದೆ, ಕೈಚೀಲದಲ್ಲಿ ಒಯ್ಯಬಹುದು. ಕೆಳಗೆ ಹಾಕುವ ಸಾಮಾನಿನಲ್ಲಿ ಬಿಡಿ ಬ್ಯಾಟರಿ ಇಡಲೇಬಾರದು. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಬಿಡುವುದೇ ಇಲ್ಲ. ಪ್ಯಾಕಿನ ಮೇಲೆ ವ್ಯಾಟ್ ಅವರ್ ಅಚ್ಚಾಗಿರಲಿ, ತುದಿಗಳಿಗೆ ಟೇಪ್ ಇರಲಿ. ಕೈಯಿಂದ ಕಟ್ಟಿದ, ಹೆಸರಿಲ್ಲದ ಪ್ಯಾಕನ್ನು ತಪಾಸಣೆಯವರು ತೆಗೆದಿಟ್ಟರೆ ಅವರನ್ನು ದೂರುವಂತಿಲ್ಲ.

ಮಣಿಪಾಲ ವಿಯು2 (ಮಂಗಳವಾರ, ರಾತ್ರಿ 8.30)

ಎರಡು ದಿನದಿಂದ ಎಲ್ಲವನ್ನೂ ಓದುತ್ತಿದ್ದೇನೆ. ನೆರೆಯೋ ಚಂಡಮಾರುತವೋ ಬಂದು ಫೋನ್ ಟವರುಗಳು ಸತ್ತಾಗ, ಕೈಗೆ ಸಿಕ್ಕಿದ ಜೀಪಿನ ಬ್ಯಾಟರಿಗೇ ರಿಗ್ ಸಿಕ್ಕಿಸಿ ಮಾತಾಡುವವರು ನಾವು. ಆದ್ದರಿಂದ ನಮ್ಮ ಪ್ಯಾಕ್, ನಮ್ಮ ಕನೆಕ್ಟರ್, ವಾಹನದ ವೋಲ್ಟೇಜ್ ಮೂರೂ ಒಂದಕ್ಕೊಂದು ಹೊಂದಬೇಕು ಎಂಬುದು ನನ್ನ ಹಳೆಯ ಹಟ. ಎಲ್‌ಎಫ್‌ಪಿ ಅದಕ್ಕೆ ಹೊಂದುತ್ತದೆ ಎಂದು ಈಗ ಒಪ್ಪುತ್ತೇನೆ. ಮನೆಯ ರಿಗ್ಗಿಗೆ ಸೀಸದ ಬ್ಯಾಟರಿಯೇ ಇರಲಿ, ಅದನ್ನು ಯಾರೂ ಹೊರಬೇಕಾಗಿಲ್ಲ. ಎಲ್ಲರೂ ಆಂಡರ್ಸನ್ ಪವರ್‌ಪೋಲ್ ಕನೆಕ್ಟರನ್ನೇ, ಕೆಂಪು ಕಪ್ಪು ಒಂದೇ ಕ್ರಮದಲ್ಲಿ ಜೋಡಿಸಿ ಬಳಸಿದರೆ, ಕತ್ತಲಲ್ಲಿ ಒಬ್ಬರ ಪ್ಯಾಕ್ ಇನ್ನೊಬ್ಬರ ರಿಗ್ಗಿಗೆ ತಿರುವುಮುರುವಾಗದೆ ಕೂರುತ್ತದೆ. ಆದರೆ ಒಂದು ಎಚ್ಚರಿಕೆ: ಅದೇ ಕನೆಕ್ಟರನ್ನು ಚಾರ್ಜರಿಗೂ ಹಾಕಿದರೆ ಯಾರ ಚಾರ್ಜರಿಗೆ ಯಾರ ಪ್ಯಾಕ್ ಬೇಕಾದರೂ ಸಿಕ್ಕಿಕೊಳ್ಳುತ್ತದೆ. ಕಾಪುವಿನಲ್ಲಿ ಆದದ್ದು ಇದೇ ತಾನೆ?

ಕಾಪು ಕಡಲಕರೆ (ಶನಿವಾರ, ರಾತ್ರಿ 9.00)

ಎಲ್ಲರಿಗೂ ಮನಸಾರೆ ವಂದನೆಗಳು. ಅಮ್ಮನಿಗೂ ನನಗೂ ಕೆಮ್ಮು ಏನೂ ಬಂದಿಲ್ಲ, ಆದರೂ ಡಾಕ್ಟರಿಗೆ ತೋರಿಸಿ ಬಂದೆವು.

ಸುಟ್ಟ ಸೆಲ್ಲುಗಳನ್ನು ಮರಳಿನ ಸಮೇತ ಬ್ಯಾಟರಿ ಮರುಬಳಕೆಗೆ ಸಂಗ್ರಹಿಸುವವರಿಗೆ ಒಪ್ಪಿಸಿದೆ. ಮೊದಲೇ ಫೋನ್ ಮಾಡಿ ಇದು ಸುಟ್ಟ ಮಾಲು ಎಂದು ಹೇಳಿದ್ದರಿಂದ ಅವರು ತಯಾರಾಗಿದ್ದರು. ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸಬಾರದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇದೆಯಂತೆ. ಕಸದ ಲಾರಿಯಲ್ಲಿ ಇನ್ನೊಂದು ಸೆಲ್ ಹೊತ್ತಿಕೊಂಡಿದ್ದರೆ ಎಂದು ಯೋಚಿಸಿದರೆ ಈಗಲೂ ಮೈ ನಡುಗುತ್ತದೆ. ಅಂಗಡಿಯವರ ಹತ್ತಿರವೂ ಹೋಗಿ ಫೋಟೋ ತೋರಿಸಿದೆ. ಆ ಪ್ಯಾಕುಗಳನ್ನು ಕಪಾಟಿನಿಂದ ತೆಗೆಯುತ್ತೇವೆ ಎಂದಿದ್ದಾರೆ. ಮುಂದಿನ ವಾರ ಮತ್ತೆ ಹೋಗಿ ನೋಡುತ್ತೇನೆ.

ಹೊಸದಾಗಿ 12.8 ವೋಲ್ಟ್, 6 ಎಎಚ್‌ನ ಎಲ್‌ಎಫ್‌ಪಿ ಪ್ಯಾಕ್ ಬಂದಿದೆ. ಒಂದು ಕಿಲೋಗಿಂತ ಕಡಿಮೆ ತೂಕ. 14.6 ವೋಲ್ಟಿಗೆ ನಿಲ್ಲುವ ಅದರದೇ ಚಾರ್ಜರ್ ಜೊತೆಗಿದೆ. ಇಂದು ಬೆಳಗ್ಗೆ ಬ್ರಹ್ಮಾವರಕ್ಕೆ ಒಯ್ದಿದ್ದೆ, ಸುರತ್ಕಲ್ಲಿನ ತಮ್ಮನೂ ಅಲ್ಲಿಗೇ ಬಂದಿದ್ದ. ಪ್ಲಸ್ ತುದಿಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ 5 ಆಂಪ್ ಫ್ಯೂಸ್ ಹಾಕಿದೆವು. ಬೆಸುಗೆಯ ಅಣ್ಣ ಆ ಫ್ಯೂಸಿನ ಆಚೆಯ ವೈರನ್ನು ಅಂಗಳದಲ್ಲಿ ಬೇಕೆಂದೇ ಶಾರ್ಟ್ ಮಾಡಿ ತೋರಿಸಿದರು. ಚಿಟ್ ಎಂದಿತು, ಅಷ್ಟೇ. ವೈರು ಮುಟ್ಟಿದರೆ ತಣ್ಣಗಿತ್ತು. ಇದನ್ನು ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ, ಅವರು ಕನ್ನಡಕ, ಕೈಗವಸು ಹಾಕಿಕೊಂಡು, ಪಕ್ಕದಲ್ಲಿ ಮರಳು, ನೀರು ಎರಡನ್ನೂ ಇಟ್ಟುಕೊಂಡು ಮಾಡಿದ್ದು.

ಮಧ್ಯಾಹ್ನದಿಂದ ಸಂಜೆಯವರೆಗೆ ಮನೆಯಲ್ಲೇ ರಿಗ್ ನಡೆಸಿ ಲೆಕ್ಕ ಇಟ್ಟೆ. ಕೇಳುವಾಗ ಅರ್ಧ ಆಂಪಿಗಿಂತ ಸ್ವಲ್ಪ ಕಡಿಮೆ. ಐದು ಗಂಟೆಯ ಕೊನೆಗೂ 13.1 ವೋಲ್ಟ್ ತೋರಿಸುತ್ತಿತ್ತು. ಆದರೆ ಈ ಜಾತಿಯ ವೋಲ್ಟೇಜ್ ಕೊನೆಯವರೆಗೆ ಹೆಚ್ಚು ಇಳಿಯದೆ ಆಮೇಲೆ ಒಮ್ಮೆಲೇ ಕುಸಿಯುತ್ತದೆ ಎಂದು ಅಣ್ಣ ಹೇಳಿದ್ದರಿಂದ, ಆಂಪ್ ಅವರ್ ಎಣಿಸುವ ಚಿಕ್ಕ ಮೀಟರನ್ನು ನಡುವೆ ಸಿಕ್ಕಿಸಿದ್ದೇನೆ. ಬಳಸದ ವಾರಗಳಲ್ಲಿ ಅರ್ಧ ತುಂಬಿಸಿ, ಉಗ್ರಾಣದ ಕಲ್ಲಿನ ಕಪಾಟಿನಲ್ಲಿ ಇಡುತ್ತೇನೆ.

ಪ್ಯಾಕಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದೆ: ‘ಎಲ್‌ಎಫ್‌ಪಿ, ನಾಲ್ಕು ಸೆಲ್, 12.8. ತುಂಬಿದಾಗ 14.6. ಸೀಸದ ಚಾರ್ಜರ್ ಹಾಕಬಾರದು.’ ಅಮ್ಮ ಕನ್ನಡಕ ಹಾಕಿಕೊಂಡು ಓದಿ, “ಚಾರ್ಜರಿನ ಮೇಲೂ ಬರೆ, ಹಳೆಯದರ ಮೇಲೆ ಕೆಂಪು ಬಣ್ಣ ಬಳಿ” ಎಂದರು. ಬರೆದೆ, ಬಳಿದೆ.

ನಾಳೆ ಬೆಳಗ್ಗೆ ಏಳಕ್ಕೆ ದೀಪಸ್ತಂಭದ ಹತ್ತಿರ ಇರುತ್ತೇನೆ. ನಲವತ್ತು ಮೀಟರಿನಲ್ಲಿ, ಐದು ವ್ಯಾಟ್. ಕೇಳಿಸಿದವರು ಉತ್ತರಿಸಿ. 73 (ಹ್ಯಾಂಗಳ ಮಾತಿನಲ್ಲಿ ಶುಭಾಶಯ).